ತಲೆ ಆಡಿಸಿ ಹಲಗೂರು ಸೇರಿದೆ

ನನಗೆ ತಲೆ ಸುತ್ತುವ ಕಾಯಿಲೆ ಬಂದಾಗ ನಾನು ಮಳವಳ್ಳಿಯ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಯುದ್ಧ ನಡೆಯುತ್ತಿದ್ದ ಕಾಲ. ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ತೊಲೆ, ಗೋಡೆ, ದೇವರ ಪಟ ಎಲ್ಲವೂ ನನಗೆ ಪ್ರದಕ್ಷಿಣೆ ಹಾಕುತ್ತಿದ್ದವು. ಆದರೂ ನಾನು ಧೈರ್ಯಗೆಡಲಿಲ್ಲ. ಮಂಡ್ಯಕ್ಕೆ ಹೊಸ ಡಾಕ್ಟರೊಬ್ಬರು ಬಂದಿದ್ದರು. ಒಂದು ಸೀಸೆ ಔಷಧಿ ತಂದರೆ ಮುಗಿಯಿತು!

ಡಾಕ್ಟರು ಕಿವಿ ನೋಡಿದರು, ಕಣ್ಣು ನೋಡಿದರು. "ಔಷಧಿ ಬೇಡ. ತೊಂದರೆ ಇರೋದು ಕಿವಿಯ ಒಳಗೆ. ವ್ಯಾಯಾಮ ಮಾಡಿ" ಎಂದರು.

ಕಿವಿಗೆ ವ್ಯಾಯಾಮ!

"ಹೆಬ್ಬೆರಳನ್ನ ಮುಂದೆ ಹಿಡಿದು ದಿಟ್ಟಿಸಿ ನೋಡಿ. ಇಪ್ಪತ್ತು ಸಲ ತಲೆ ಮೇಲೆ ಕೆಳಗೆ, ಇಪ್ಪತ್ತು ಸಲ ಎಡಕ್ಕೆ ಬಲಕ್ಕೆ. ಮೊದಮೊದಲು ಸುತ್ತು ಜಾಸ್ತಿಯಾಗುತ್ತೆ. ಹೆದರಿ ನಡುವೆ ನಿಲ್ಲಿಸಬೇಡಿ."

ಕಮ್ಮಿ ಮಾಡಿಸಿಕೊಳ್ಳಲು ಹೋದವನಿಗೆ ಜಾಸ್ತಿ ಮಾಡಿಕೊಳ್ಳುವ ಉಪಾಯ ಹೇಳಿದ ಮಹಾನುಭಾವ!

"ಏನೂಂದ್ರೆ, ಒಳಗೆ ಮಾಡಿದ್ರೆ ಬೀಸೋ ಕಲ್ಲಿನ ಮೇಲೆ ಬೀಳ್ತೀರಿ. ಜಗಲಿ ಮೇಲೆ ಗೋಡೆಗೆ ಒರಗಿಕೊಂಡು ಮಾಡಿ" ಎಂದಳು ನನ್ನ ಹೆಂಡತಿ ಸಾವಿತ್ರಿ. ನನ್ನ ಅಧಃಪತನಕ್ಕೆ ಮುಹೂರ್ತವಿಟ್ಟವಳು ಅವಳೇ.

ಮೂರನೆಯ ದಿನ ಹೆಬ್ಬೆರಳನ್ನು ದಿಟ್ಟಿಸುತ್ತಾ ತಲೆ ಆಡಿಸುತ್ತಿದ್ದೆ. ಪಟೇಲ ನಿಂಗೇಗೌಡರು ಬಂದು ಜಗಲಿಯ ಮುಂದೆ ನಿಂತರು.

"ಮೇಷ್ಟ್ರೇ, ಅಲಗೂರ್ ಇಸ್ಕೂಲ್ಗೆ ಲೆಕ್ಕದ ಮೇಷ್ಟ್ರು ಬೇಕಂತೆ. ಯಾರೂ ಓಗಕ್ಕೆ ಒಪ್ತಿಲ್ವಂತೆ. ಒಸಿ ಇಚಾರ್ಸಿ ಅಂತ ಮಂಡ್ಯದ ಇಸ್ಕೂಲ್ ಸಾಯೇಬ್ರು ಯೋಳವ್ರೆ. ನೀವು ಓಯ್ತೀರಾ?"

ನನ್ನ ತಲೆ ಆಗ ಏಳನೆಯ ಸಲ ಕೆಳಗಿಳಿಯುತ್ತಿತ್ತು. ಎಂಟು, ಒಂಬತ್ತು, ಹತ್ತು...

"ಆಹಾ, ಕೇಳಿದ್ದೇ ತಡ ಎಂಗ್ ಒಪ್ಕಬುಟ್ರು! ಸಂಸಾರ ಕರ್ಕಂಡೇ ಓಯ್ತೀರಾ?"

ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. 'ಇಲ್ಲ' ಎನ್ನೋಣವೆಂದರೆ ಬಾಯಿ ತೆರೆದ ಕೂಡಲೇ ಮಾತಿಗಿಂತ ಮುಂಚೆ ಬೆಳಗಿನ ಉಪ್ಪಿಟ್ಟು ಹೊರಬರುವ ಹಾಗಿತ್ತು. ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸತೊಡಗಿದೆ.

"ತಕರಾರೇನಾರ ಅದಾ?"

ಎಡಕ್ಕೆ, ಬಲಕ್ಕೆ.

"ಯೋಚ್ನೆ ಮಾಡಕ್ಕೆ ಒಂದಿನ ಬೇಕಾ?"

ಎಡಕ್ಕೆ, ಬಲಕ್ಕೆ.

"ನಿಮ್ಮಂತೋರು ಸಿಕ್ಕಕಿಲ್ಲ ಕನ್ ಮೇಷ್ಟ್ರೇ!" ಎಂದು ಕೈ ಮುಗಿದು ಹೊರಟೇಬಿಟ್ಟರು.

"ಗೌಡ್ರೇ!" ಎಂದು ಹಿಂದೆ ಓಡಿದೆ. ಬೀದಿ ಗೋಡೆಯಂತೆ ಎದ್ದು ನಿಂತಿತು. ಒಂದು ಸುತ್ತು ತಿರುಗಿ ಪಕ್ಕದ ಮನೆಯ ಕಂಬವನ್ನು ತಬ್ಬಿಕೊಂಡೆ. ಗೌಡರು ತಿರುಗಿ ನೋಡಿ, "ಸಂತೋಸ ಆಯ್ತು ಅಂತ ಈ ವಯಸ್ನಲ್ಲಿ ಇಂಗೆಲ್ಲ ಕುಣಿಬ್ಯಾಡಿ!" ಎಂದು ಕೂಗಿ ಮರೆಯಾದರು.

ವಾರದೊಳಗೆ ಆರ್ಡರು ಬಂತು. ಸಾವಿತ್ರಿ ಕೆರಳಿದಳು.

"ಊರು ಬಿಡೋ ವಿಚಾರದಲ್ಲಿ ನನ್ನನ್ನ ಒಂದು ಮಾತು ಕೇಳ್ಲಿಲ್ಲ!"

"ನಾನು ಒಪ್ಪೇ ಇಲ್ಲ ಕಣೇ! ವ್ಯಾಯಾಮ ಮಾಡ್ತಿದ್ದೆ!"

"ಪಟೇಲರಿಗೆ ಹಾಗೆ ತಲೆ ಆಡಿಸೋರು, ನಾನು ಸೀರೆ ಕೇಳಿದಾಗ ಯಾಕೆ ಆಡಿಸ್ಲಿಲ್ಲ?"

ಇದಕ್ಕೆ ಯಾವ ಡಾಕ್ಟರ ಬಳಿಯೂ ಔಷಧಿಯಿಲ್ಲ.

ರಕ್ತ ಕುದಿಯಿತು. ಯುದ್ಧದಿಂದ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ಮೈಯೆಲ್ಲ ಮಸಿ ಮಾಡಿಕೊಂಡು ಮಂಡ್ಯದ ಸಾಹೇಬರ ಕಚೇರಿಗೆ ಹೋದೆ. ದಾರಿಯುದ್ದಕ್ಕೂ ಭಾಷಣ ಸಿದ್ಧಮಾಡಿದೆ: 'ಮಾನ್ಯರೇ, ಕೇವಲ ಶಿರಶ್ಚಲನೆಯನ್ನು ಸಮ್ಮತಿಯೆಂದು ಪರಿಗಣಿಸುವುದು ಯಾವ ಕಾನೂನು? ಇದನ್ನು ನಾನು ಉಗ್ರವಾಗಿ ಪ್ರತಿಭಟಿಸುತ್ತೇನೆ!'

ಸಾಹೇಬರು ಕೋಣೆಯೊಳಗೆ ಬಂದರು. ಬೆಂಚಿನಿಂದ ಉಗ್ರವಾಗಿ ಎದ್ದೆ. ಎದ್ದದ್ದು ಸ್ವಲ್ಪ ಹೆಚ್ಚು ಉಗ್ರವಾಯಿತು. ಕೋಣೆ ಗಿರ್ರನೆ ತಿರುಗಿತು. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ನನ್ನ ಎರಡೂ ಕೈಗಳಲ್ಲಿ ಸಾಹೇಬರ ಬೂಟುಗಳಿದ್ದವು.

"ಏಳಿ, ಏಳಿ ಮೇಷ್ಟ್ರೇ! ಹಲಗೂರಿಗೆ ಹಾಕಿದ್ದಕ್ಕೆ ಕಾಲಿಗೆ ಬಿದ್ದೋರನ್ನ ನಾನು ಇವತ್ತೇ ನೋಡಿದ್ದು!" ಎಂದು ನನ್ನ ಬೆನ್ನು ತಟ್ಟಿದರು. ನಾನು ಬಾಯಿ ತೆರೆಯುವ ಮೊದಲೇ ಜವಾನ ತೋಳು ಹಿಡಿದು ಬಸ್ಸಿಗೆ ಹತ್ತಿಸಿದ.

ನಾವು ಹಲಗೂರು ಸೇರುವ ಹೊತ್ತಿಗೆ ತಲೆಸುತ್ತು ಪೂರ್ತಿ ನಿಂತಿತ್ತು. ಡಾಕ್ಟರು ಹೇಳಿದ್ದು ಸರಿಯಾಗಿತ್ತು ಎಂಬುದೇ ನನಗೆ ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು!

ಮೊದಲ ದಿನ ಸ್ಕೂಲಿನಲ್ಲಿ ಸ್ವಾಗತಕ್ಕೆ ಊರಿನ ಹಿರಿಯರೆಲ್ಲ ಸೇರಿದ್ದರು. ನಡೆದ ಅನ್ಯಾಯವನ್ನು ಎಲ್ಲರೆದುರು ಬಯಲಿಗೆಳೆಯಬೇಕೆಂದು ಹಲ್ಲು ಕಚ್ಚಿ ಎದ್ದು ನಿಂತೆ. ಕೊರಳಿಗೆ ದಪ್ಪನೆಯ ಸೇವಂತಿಗೆ ಹಾರ ಬಿತ್ತು. "ತಾವಾಗಿಯೇ ಬಯಸಿ ಬಂದ ತ್ಯಾಗಮೂರ್ತಿ!" ಎಂದರು ಹೆಡ್‌ಮಾಸ್ತರು. ಚಪ್ಪಾಳೆಯೋ ಚಪ್ಪಾಳೆ.

ನಾನು ಅರ್ಧ ಗಂಟೆ ಮಾತಾಡಿದೆ. ವಿಷಯ, ನನ್ನ ತ್ಯಾಗ!