ಏಳನೇ ಮೆನುವಿನ ನವಿಲು

ನಮ್ಮ ಮನೆಯ ಕಂಪ್ಯೂಟರಿಗೆ ಶಿಸ್ತು ಕಲಿಸುತ್ತೇನೆಂದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಿಗ್ಗೆ ಘೋಷಿಸಿದೆ. ಆ ದಿನ ಹಿಡಿದ ಕೆಲಸ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ನನ್ನ ಹೆಂಡತಿ ಯಶಸ್ವಿನಿ ಅದನ್ನೇ ನೆನಪಿಸಿ, "ವರ್ಷೆಲ್ಲ ಇದ್ನೇ ಮಾಡ್ತಾ ಕೂತ್ಕತೀರಾ?" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸುಧಾರಕರಿಗೆ ಮೊದಲ ವಿರೋಧ ಬರುವುದು ಮನೆಯಿಂದಲೇ.

ಕೆ.ಆರ್. ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಶಸ್ವಿನಿ ರವಿಕೆಗಳಿಗೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕುತ್ತಾಳೆ. ಅಕ್ಕಸಾಲಿಗರ ಮನೆಯ ಮಗಳು. ಅವಳಪ್ಪ ಓಲೆ, ಜುಮುಕಿಗೆ ಬಿಡಿಸುತ್ತಿದ್ದ ಬಳ್ಳಿ, ಹಂಸಗಳನ್ನೇ ದಾರದಲ್ಲಿ ಮೂಡಿಸುತ್ತಾಳೆ. ಚಿತ್ರ ಕಂಪ್ಯೂಟರಿನಲ್ಲಿ ಸಿದ್ಧವಾಗಿ, ಪೆನ್‌ಡ್ರೈವ್ ಹತ್ತಿ, ಎಂಬ್ರಾಯ್ಡರಿ ಯಂತ್ರಕ್ಕೆ ಹೋಗಬೇಕು. ಆ ಕಂಪ್ಯೂಟರಿಗೆ ಹನ್ನೆರಡು ವರ್ಷ. ಬೆಳಿಗ್ಗೆ ಸ್ವಿಚ್ಚು ಹಾಕಿದರೆ, ಅದು ಕಣ್ಣು ಬಿಡುವಷ್ಟರಲ್ಲಿ ಒಲೆಯ ಮೇಲೆ ಇಡ್ಲಿ ಬೆಂದಿರುತ್ತಿತ್ತು.

ಕಂಪ್ಯೂಟರನ್ನು ನಡೆಸುವ ಹಳೇ ತಂತ್ರಾಂಶವನ್ನು ಕಿತ್ತು ನಾನು ಅದಕ್ಕೆ ಲಿನಕ್ಸ್ ಹಾಕಿದೆ. ಅದರಲ್ಲೂ ತೀರಾ ಹಗುರವಾದದ್ದು. ಕಿಟಕಿಗಳನ್ನು ತೆರೆದು ಮುಚ್ಚುವ ಒಂದು ಸಣ್ಣ ವಿಂಡೋ ಮ್ಯಾನೇಜರು, ಅಷ್ಟೆ. ಪರದೆಯ ಮೇಲೆ ಒಂದು ಗುಂಡಿಯಿಲ್ಲ, ಗುರುತಿಲ್ಲ. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಒಂದು ಮೆನು ಬಿಚ್ಚಿಕೊಳ್ಳುತ್ತದೆ. ಬೇಕಾದ್ದನ್ನು ಅಲ್ಲಿಂದ ಆರಿಸಿಕೊಳ್ಳಬೇಕು. ಆ ಮೆನುವಿನಲ್ಲಿ ಏನೇನಿರಬೇಕು ಎಂಬುದನ್ನು ನಾವೇ ಒಂದು ಫೈಲಿನಲ್ಲಿ ಬರೆದಿಡಬೇಕು. ಬರೆದಿಡುವುದಕ್ಕೆಂದೇ ಹುಟ್ಟಿದವನು ನಾನು.

ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಯಾವ ಕಚೇರಿ ಎಂಬುದು ಇಲ್ಲಿ ಅಪ್ರಸ್ತುತ. ಅಲ್ಲಿನ ಮೊದಲ ಪಾಠ, ಯಾವುದೂ ಕೈಗೆ ನೇರವಾಗಿ ಸಿಗಬಾರದು. ತಾಲ್ಲೂಕು, ಹೋಬಳಿ, ಗ್ರಾಮ, ವರ್ಷ, ಕಟ್ಟು, ಸಂಖ್ಯೆ ಇಷ್ಟನ್ನೂ ದಾಟಿಯೇ ಕಾಗದವನ್ನು ಮುಟ್ಟಬೇಕು. ಅದೇ ಕ್ರಮವನ್ನು ಮೂರು ಭಾನುವಾರ ಕೂತು ಮೆನುವಿಗೆ ಇಳಿಸಿದೆ. ನಾಲ್ಕನೇ ಭಾನುವಾರ ಉದ್ಘಾಟನೆ.

ಅದೇ ದಿನ ಸಂಜೆ ಆರಕ್ಕೆ ಶೀಳನೆರೆಯ ಶಿವಣ್ಣನವರ ಮಗಳು ರಂಜಿತಳ ಆರತಕ್ಷತೆ. ಅವಳ ರವಿಕೆಯ ಎರಡು ತೋಳಿಗೂ ನವಿಲು ಬರಬೇಕಿತ್ತು. ಒಂದೊಂದು ತೋಳಿಗೆ ಯಂತ್ರ ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ, ಆಮೇಲೆ ಹೊಲಿಗೆ. ಹನ್ನೆರಡರೊಳಗೆ ಸೂಜಿ ಓಡಲೇಬೇಕು. ಹತ್ತೂವರೆಗೇ ಶಿವಣ್ಣ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು.

"ನಾನು ಇಲ್ಲೇ ಕುಂತಿರ್ತೀನಿ ಕಣವ್ವ. ಬರೀಗೈಲಿ ಛತ್ರಕ್ಕೆ ವೋದ್ರೆ ನನ್ನ ಮಗಳು ನನ್ನ ಒಳಕ್ಕೇ ಬುಡಾಕಿಲ್ಲ."

ಯಶಸ್ವಿನಿ ಬಲಗುಂಡಿ ಒತ್ತಿದಳು.

"ನವಿಲು ಎಲ್ರೀ?"

"ಮೊದ್ಲು 'ಮನೆ' ಒತ್ತು. ಅದ್ರೊಳಗೆ 'ವ್ಯವಹಾರ'. ಅದ್ರೊಳಗೆ 'ಹೊಲಿಗೆ'. ಆಮೇಲೆ 'ಕಸೂತಿ', 'ತೋಳು', 'ಪಕ್ಷಿ'. ಏಳನೇದ್ರಲ್ಲಿ ನವಿಲು."

"ಮಾವಿನಕಾಯಿ?"

"ಅದು ಸಸ್ಯ ವಿಭಾಗ."

"ಗಂಡಭೇರುಂಡ?"

"ಅದು ಪಕ್ಷಿ ಹೌದೋ ಅಲ್ವೋ ಇನ್ನೂ ತೀರ್ಮಾನ ಆಗಿಲ್ಲ. ಸದ್ಯಕ್ಕೆ 'ಇತರೆ'ನಲ್ಲಿಟ್ಟಿವ್ನಿ."

ಅವಳು ನನ್ನನ್ನು ನೋಡಿದ ನೋಟವನ್ನು ವಿವರಿಸುವುದಿಲ್ಲ.

ಒಂದೊಂದು ಮೆನುವೂ ಹಿಂದಿನದರ ಬಲಕ್ಕೆ ತೆರೆದುಕೊಳ್ಳುತ್ತದೆ. ನಮ್ಮದು ಚಿಕ್ಕ ಪರದೆ. ಐದನೆಯದಕ್ಕೇ ಜಾಗ ಮುಗಿದು, 'ಪಕ್ಷಿ' ಎಡಕ್ಕೆ ತಿರುಗಿ 'ಕಸೂತಿ'ಯ ನೆತ್ತಿಯ ಮೇಲೆ ಕೂತಿತು. ಮೌಸು ಕೂದಲೆಳೆಯಷ್ಟು ಜಾರಿದರೂ ಇಡೀ ಸಾಲು ಮಡಚಿಕೊಂಡು 'ಕರೆಂಟ್ ಬಿಲ್ಲು' ತೆರೆದುಕೊಳ್ಳುತ್ತಿತ್ತು. ಯಶಸ್ವಿನಿ ನವಿಲಿನ ಬಾಗಿಲವರೆಗೆ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಕರೆಂಟ್ ಬಿಲ್ಲಿಗೆ ವಾಪಸು ಬಂದಳು.

"ರೀ, ನನ್ ಕೈಲಾಗಲ್ಲ. ನವಿಲ್ನ ಮ್ಯಾಲಕ್ಕೆ ಹಾಕ್ಕೊಡಿ."

"ಹತ್ತು ನಿಮಿಷ ಕೊಡು."

ಬೆಂಚಿನ ಮೇಲೆ ಶಿವಣ್ಣ ಕೆಮ್ಮಿದರು. "ಅವ್ವಾ, ಸುಬ್ರಮಣ್ಯ ಸಾಹೇಬ್ರ ಹತ್ತು ನಿಮಿಸ ನಂಗೊತ್ತು. ನಮ್ ತಾತನ ಕಾಲದ ಪತ್ರದ ನಕಲಿಗೆ ಮೂರು ಸಲ ಬಂದಿವ್ನಿ ಇವ್ರ ಆಪೀಸ್ತಾವ್ಕೆ."

ಮುಖ ಎಲ್ಲೋ ನೋಡಿದ ಹಾಗಿದೆ ಎಂದು ಆಗಲೇ ಅನ್ನಿಸಿತ್ತು. ಕಚೇರಿಯ ಕಿಟಕಿಯಾಚೆ ನಿಂತಾಗ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಮೆನುವಿನ ಫೈಲು ತೆರೆದು 'ತೋಳು', 'ಪಕ್ಷಿ' ಎರಡನ್ನೂ ಕಿತ್ತುಹಾಕಿದೆ. ಆ ಫೈಲಿಗೊಂದು ನಿಯಮವುಂಟು. ಪ್ರತಿ ಮೆನು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗುರುತು ಹಾಕಿರಬೇಕು. ಅವಸರದಲ್ಲಿ ಮುಗಿಯುವ ಗುರುತೊಂದನ್ನು ಹೆಚ್ಚಿಗೆ ಅಳಿಸಿಬಿಟ್ಟೆ. ಅದು ಗೊತ್ತಾಗದೆ ಫೈಲು ಮುಚ್ಚಿ, "ಈಗ ನೋಡು" ಎಂದೆ, ಹಾರ ಹಾಕಿಸಿಕೊಳ್ಳುವವನ ಹಾಗೆ ಕತ್ತು ನೀಡಿ.

ಅವಳು ಬಲಗುಂಡಿ ಒತ್ತಿದಳು. ಏನೂ ಬರಲಿಲ್ಲ. ನಾನೂ ಒತ್ತಿದೆ. ಏಳು ಅಂತಸ್ತೂ ಮಾಯ. ಪರದೆ ಸಾರಿಸಿದ ನೆಲದ ಹಾಗೆ ನುಣ್ಣಗಿತ್ತು.

"ಸರಿ ಮಾಡಿ ಮತ್ತೆ."

"ಸರಿ ಮಾಡಕ್ಕೆ ಆ ಫೈಲ್ ತೆಗೀಬೇಕು."

"ತೆಗೀರಿ."

"ತೆಗೆಯೋದು ಮೆನು ಒಳಗದೆ."

ಬೀರುವಿನ ಬೀಗದಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ದೂಡಿದ್ದು ನಮ್ಮ ರೆಕಾರ್ಡ್ ರೂಮಿನಲ್ಲೂ ಒಮ್ಮೆ ನಡೆದಿದೆ. ಆಗ ಇಡೀ ಬೀರುವನ್ನೇ ಒಂದು ದಾಖಲೆಯೆಂದು ನಮೂದಿಸಿ ಸುಮ್ಮನಾಗಿದ್ದೆವು. ಇಲ್ಲಿ ಆ ಅನುಕೂಲವಿರಲಿಲ್ಲ. ಗಂಟೆ ಹನ್ನೊಂದೂವರೆ ದಾಟಿತ್ತು.

ಶಿವಣ್ಣ ಎದ್ದು ನಿಂತರು. "ಸಾಹೇಬ್ರೆ, ನವಿಲಿಗೂ ಒಂದು ಅರ್ಜಿ ಬರ್ಕೊಡ್ಲಾ?"

ಯಶಸ್ವಿನಿ ತನ್ನ ತಮ್ಮ ಹೇಮಂತನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ನಾಗಮಂಗಲದಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಈ ಲಿನಕ್ಸನ್ನು ನನಗೆ ಕೊಟ್ಟವನೂ ಅವನೇ. ಎಲ್ಲ ಕೇಳಿಸಿಕೊಂಡು, ನಗು ನುಂಗಿದ ದನಿಯಲ್ಲಿ ಅಂದ:

"ಬಾವ, ಕಂಟ್ರೋಲು, ಆಲ್ಟು, ಎಫ್ ಮೂರು, ಒಟ್ಗೆ ಒತ್ತಿ. ಕಪ್ಪು ಪರದೆ ಬತ್ತದೆ. ಹೆಸ್ರು, ಪಾಸ್‌ವರ್ಡ್ ಹಾಕಿ. ಬಂತಾ?"

"ಬಂತು."

"ಈಗ ನಾನು ಹೇಳೋ ಸಾಲು ಒತ್ತಿ. ನೀವು ಬರ್ದಿರೋ ಮೆನು ಫೈಲು ಅಳ್ಸೋಯ್ತದೆ."

"ಲೋ, ತಪ್ಪಿರೋದು ಒಂದೇ ಒಂದು ಗುರುತಲ್ಲಿ. ಅದೊಂದ್ನ ತಿದ್ದುದ್ರೆ..."

"ಅದ್ನ ಹುಡುಕೋ ಹೊತ್ಗೆ ಮದ್ವೆ ಮುಗ್ದೋಗಿರ್ತದೆ ಬಾವ. ನಿಮ್ದು ಇಲ್ದಿದ್ರೆ ಜೊತೇಲಿ ಬಂದಿದ್ದ ಹಳೇ ಮೆನು ತಂತಾನೇ ಬತ್ತದೆ. ನೀವು ಬರ್ದಿದ್ನ ತೆಗುದ್ರೆ ಸಾಕು, ಮಿಕ್ಕಿದ್ದೆಲ್ಲ ಸರಿಯಾಗೇ ಅದೆ."

ಮೂರು ಭಾನುವಾರಗಳ ಆಡಳಿತ ಸುಧಾರಣೆಯನ್ನು ನನ್ನ ಬೆರಳಿನಿಂದಲೇ ಅಳಿಸಿದೆ. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದೆವು. ಬಲಗುಂಡಿಗೆ ಒಂದು ಪುಟ್ಟ ಮೆನು ಬಂತು, ಕ್ರಮವಿಲ್ಲ, ವಿಭಾಗವಿಲ್ಲ. ಮೂರು ಒತ್ತಿಗೆ ನವಿಲು ಗರಿ ಬಿಚ್ಚಿ ನಿಂತಿತು. ಹನ್ನೆರಡಕ್ಕೆ ನಾಲ್ಕು ನಿಮಿಷವಿರುವಾಗ ಸೂಜಿ ಓಡತೊಡಗಿತು.

ಯಂತ್ರ ಓಡುತ್ತಿದ್ದಷ್ಟು ಹೊತ್ತು ಯಶಸ್ವಿನಿ ಹೇಮಂತನೊಂದಿಗೆ ಫೋನಿನಲ್ಲಿ ಮಾತಾಡುತ್ತ ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದಳಂತೆ. ಶಿವಣ್ಣ ಪಕ್ಕದಲ್ಲಿ ನಿಂತು ಏನೋ ಹೇಳಿಕೊಡುತ್ತಿದ್ದರಂತೆ. ನಾನು ನೋಡಲಿಲ್ಲ. ಊಟಕ್ಕೆ ಹೋಗಿದ್ದೆ. ಐದಕ್ಕೆ ಮುಂಚೆಯೇ ಶಿವಣ್ಣ ರವಿಕೆಯ ಪೊಟ್ಟಣವನ್ನು ಎದೆಗವಚಿಕೊಂಡು ಛತ್ರಕ್ಕೆ ಹೊರಟರು. ನನಗೆ ಕೈ ಮುಗಿದೇ ಹೋದರು.

ಮಾರನೆಯ ಬೆಳಿಗ್ಗೆ, ಕಚೇರಿಗೆ ಹೊರಡುವ ಮುಂಚೆ, ಸುಮ್ಮನೆ ಬಲಗುಂಡಿ ಒತ್ತಿದೆ. ಹೊಸ ಮೆನು. ಎರಡೇ ಸಾಲು. ಮೇಲೆ 'ಬ್ಲೌಸು'. ಕೆಳಗೆ 'ಸುಬ್ರಹ್ಮಣ್ಯ'. ಏನೇ ಆದರೂ ನನಗೊಂದು ಸ್ಥಾನ ಉಳಿಸಿದ್ದಾಳಲ್ಲ ಎಂದು ಹಿಗ್ಗಿ ನನ್ನ ಹೆಸರನ್ನು ಒತ್ತಿದೆ. ಪರದೆಯ ನಡುವೆ ಒಂದು ಪುಟ್ಟ ಚೌಕ ಬಂತು. ಅದರಲ್ಲಿ ಹೀಗಿತ್ತು:

"ಸಾಹೇಬ್ರು ಸೀಟಲ್ಲಿಲ್ಲ. ನಾಳೆ ಬನ್ನಿ."

"ಇದೇನೇ ಇದು?" ಎಂದೆ.

ಯಶಸ್ವಿನಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಶಿವಣ್ಣೋರು ಹೇಳಿ ಬರ್ಸುದ್ರು. ಮೂರು ಸಲ ಕೇಳವ್ರಲ್ಲ, ಒಂದಕ್ಷರ ಮರ್ತಿಲ್ಲ."