ಬರಿ ಡಬ್ಬಿ

ಒಳ್ಳೆಯವನಾಗುವುದಕ್ಕೆ ನನ್ನ ತಕರಾರೇನೂ ಇಲ್ಲ. ಯಾರದೋ ಕಣ್ಣಿಗೆ ಹೆದರಿ ಒಳ್ಳೆಯವನಾಗು ಅಂದರೆ ಮಾತ್ರ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ ಎಲೆಗೆ ಹಾಕಿಸಿಕೊಂಡ ಅನ್ನವನ್ನು ಕಷ್ಟಪಟ್ಟು ಮುಗಿಸುತ್ತೇವಲ್ಲ, ಅದು ಅನ್ನದ ಮೇಲಿನ ಗೌರವಕ್ಕೋ, ಪಕ್ಕದಲ್ಲಿ ಕೂತ ಸೋದರಮಾವನ ನೋಟಕ್ಕೋ? ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟುಕೊಡುವಾಗ ನಾವು ಮುದುಕಿಯ ಮುಖ ನೋಡುವುದಿಲ್ಲ, ಉಳಿದವರು ನಮ್ಮನ್ನು ನೋಡಿದರೋ ಇಲ್ಲವೋ ಎಂದು ನೋಡುತ್ತೇವೆ. ನಾನೂ ಹಾಗೇ, ಹೇಳಲು ನನಗೇನು ನಾಚಿಕೆ? ಆದರೆ ಇನ್ನು ಈ ನಾಟಕ ಸಾಕು ಅಂತ ಒಮ್ಮೆ ಸೆಟೆದು ನಿಂತೆ ನೋಡಿ. ಅದೂ ಒಂದು ಸ್ಟೀಲಿನ ಡಬ್ಬಿಯ ಎದುರಿಗೆ.

ಕೂಡ್ಲಿಗಿಯಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಕೊಟ್ರಮ್ಮನವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಓಣಿಗೆಲ್ಲ ಒಂದೇ ಫೋನಿದ್ದ ಕಾಲ ಅದು. ಕೊಟ್ರಮ್ಮ ಚಿಗಟೇರಿಯವರು, ನನ್ನ ಹೆಂಡತಿ ಸುಮಂಗಲಾ ಹಂಪಸಾಗರದವಳು. ನಾನು ಆಫೀಸಿಗೆ ಹೋದ ಮೇಲೆ ಆ ಊರಿನಲ್ಲಿ ಇವಳಿಗೆ ತನ್ನವರು ಅಂತ ಇದ್ದದ್ದು ಕೊಟ್ರಮ್ಮ ಒಬ್ಬರೇ. ಇಬ್ಬರ ತವರಿನಲ್ಲೂ ಒಂದೇ ಪದ್ಧತಿ: ಏನಾದರೂ ಹಾಕಿ ಕಳಿಸಿದವರ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಆದರೆ ಸಕ್ಕರೆಯಲ್ಲಿ ಮುಗಿಸುವ ಹೆಂಗಸರೇ ಇವರು? ಕೊಟ್ರಮ್ಮನವರ ಶೇಂಗಾ ಹೋಳಿಗೆ ಬಂದರೆ ಇವಳ ಕೋಡುಬಳೆ ಹೋಗುತ್ತಿತ್ತು. ಕೋಡುಬಳೆಗೆ ತಂಬಿಟ್ಟು, ತಂಬಿಟ್ಟಿಗೆ ಕರ್ಚಿಕಾಯಿ. ಇದನ್ನೆಲ್ಲ ಹೊತ್ತು ತಿರುಗುತ್ತಿದ್ದ ಆ ಒಂದೇ ಸ್ಟೀಲಿನ ಡಬ್ಬಿಯ ಮೇಲೆ ಕೊರೆದಿದ್ದ ಹೆಸರೋ, ಎರಡೂ ಮನೆಯವರಿಗೆ ಗೊತ್ತಿಲ್ಲದ ಯಾವನೋ ಬಸಪ್ಪನದು. 'ಇದು ನಿಮ್ಮದು', 'ಅಲ್ಲ, ನಿಮ್ಮದು' ಎಂದು ಅದು ಎಲ್ಲೂ ನಿಲ್ಲದೆ ಓಡಾಡುತ್ತಲೇ ಇತ್ತು.

ಒಂದು ಭಾನುವಾರ ನನ್ನ ತಟ್ಟೆಗೆ ನಿನ್ನೆಯ ರೊಟ್ಟಿ ಬಿತ್ತು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು, ಡಬ್ಬಿಗಾಗಿ.

"ನಿನಗ ಕೊಡಬೇಕು ಅನಿಸೈತೇನು?" ಅಂತ ಕೇಳಿದೆ.

"ಅನ್ಸೋದೇನ್ರಿ ಅದ್ರಾಗ? ಕೊಡಬೇಕು, ಅಷ್ಟ."

ಎಂಥಾ ಉತ್ತರ! ಮನಸ್ಸಿಲ್ಲದೆ ಕೊಟ್ಟ ಕರ್ಚಿಕಾಯಿ ಲಂಚಕ್ಕೆ ಸಮಾನ, ಒಳ್ಳೆಯತನ ಒಳಗಿನಿಂದ ಬರಬೇಕು ಅಂತ ನಾನು ಭಾಷಣ ಶುರುಮಾಡಿದೆ. ಒಣ ರೊಟ್ಟಿ ಬಾಯಲ್ಲಿದ್ದಾಗ ತತ್ವಜ್ಞಾನ ತಾನಾಗಿ ಬರುತ್ತದೆ. ಕೊನೆಗೆ ಎದ್ದು ಡಬ್ಬಿ ಎತ್ತಿಕೊಂಡೆ.

"ಬರಿ ಡಬ್ಬಿ ಒಯ್ಯಬ್ಯಾಡ್ರಿ!" ಸುಮಂಗಲಾ ಅಡ್ಡ ಬಂದಳು. ಅವಳ ಕಣ್ಣಲ್ಲಿ ಆಗಲೇ ನೀರು. "ಈ ಊರಾಗ ನನಗ ಅಂತ ಇರಾಕಿ ಆಕಿ ಒಬ್ಬಾಕಿ. ನಾಳಿ ಆಕಿ ಮುಂದ ಹೆಂಗ ಮುಖ ಎತ್ಲಿ?"

ಕೇಳುವ ಸ್ಥಿತಿಯಲ್ಲಿ ನಾನಿದ್ದರೆ ತಾನೆ? ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಗಸರೆಲ್ಲ ನೋಡುತ್ತಿದ್ದಂತೆಯೇ ಹೋಗಿ, ಕೊಟ್ರಮ್ಮನವರ ಕೈಗೆ ಡಬ್ಬಿ ಕೊಟ್ಟು, ಮುಚ್ಚಳವನ್ನೂ ನಾನೇ ತೆಗೆದು ತೋರಿಸಿದೆ.

"ಬರೀದ ಐತ್ರಿ. ಬೇಕಂತನ ಬರೀದು ತಂದೀನಿ. ಇನ್ನ ಸಾಕು ಮಾಡ್ರಿ ಇದನ್ನ."

ಕಟ್ಟೆಯ ಮೇಲೆ ಯಾರೋ "ಅಯ್ಯ ಶಿವನ!" ಅಂದರು. ಕೊಟ್ರಮ್ಮ ಡಬ್ಬಿಯೊಳಗೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಹೊಸ್ತಿಲ ಮೇಲೆ ಕೂತುಬಿಟ್ಟರು. ಆಮೇಲೆ ಸೆರಗಿನ ಕೆಳಗಿಂದ ಬಲಗೈ ಹೊರಗೆ ತೆಗೆದರು. ಮುಂಗೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿತ್ತು.

"ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅಣ್ಣಾರ! ಕೈ ಉಳುಕಿ ಲಟ್ಟಣಿಗಿ ಹಿಡಿಯಾಕ ಆಗವಲ್ದು. ನಿಲ್ಲಿಸಿದ್ರ ಸುಮಂಗಲಾ ಏನು ತಿಳ್ಕಂತಾಳೋ ಅಂತ ಹಲ್ಲು ಕಚ್ಚಿ ಮಾಡ್ತಿದ್ದೆ. ನನ್ನ ನೋವು ನಿಮಗ ತಿಳೀತು ನೋಡ್ರಿ. ಪುಣ್ಯಾತ್ಮರು ನೀವು!"

ನನಗೇನೂ ತಿಳಿದಿರಲಿಲ್ಲ. ಆದರೆ ಕಟ್ಟೆಯವರೆಲ್ಲ ಕೇಳಿಸಿಕೊಳ್ಳುವಾಗ ಬಂದ ಹೊಗಳಿಕೆಯನ್ನು ಬೇಡ ಅನ್ನುವಷ್ಟು ದಡ್ಡ ನಾನಲ್ಲ. ಗಂಭೀರವಾಗಿ ತಲೆಯಾಡಿಸಿ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಆಕಿ ಕೈ ನೋವು ನಿಮಗ ಗೊತ್ತಿತ್ತೇನು?"

"ಇಲ್ಲ."

"ಮತ್ತ ನೀವು ಪುಣ್ಯಾತ್ಮರು ಹೆಂಗಾದ್ರಿ? ಸಿಟ್ಟಿಲೆ ಹೋದೋರು ನೀವು."

"ನನ್ನ ಸಿಟ್ಟಿನಿಂದ ಆಕಿ ಕೈಗೆ ಆರಾಮ ಆತೋ ಇಲ್ಲೋ?"

"ಆತು. ಅದು ಆಕಿ ಪುಣ್ಯ, ನಿಮ್ದಲ್ಲ," ಎಂದವಳು ಒಲೆ ಆರಿಸಿ ಪಕ್ಕದ ಮನೆಗೆ ಓಡಿದಳು. ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು: "ನನಗ್ಯಾಕ ಹೇಳಲಿಲ್ಲಕ್ಕಾ? ನಾನೇನು ಪರಕೀಯಳಾ?" ಆಮೇಲೆ ಇಬ್ಬರೂ ಅತ್ತರು, ನಕ್ಕರು. ದಿನವೂ ಡಬ್ಬಿ ಕೊಟ್ಟು ತೆಗೆದುಕೊಂಡವರಿಗೆ ಒಬ್ಬರ ಕೈ ಒಬ್ಬರು ನೋಡಲು ಪುರುಸೊತ್ತಾಗಿರಲಿಲ್ಲ.

ಈಗ ನೀವೇ ಹೇಳಿ. ಬರಿ ಡಬ್ಬಿ ಕಂಡ ಕಟ್ಟೆಯವರ ಲೆಕ್ಕದಲ್ಲಿ ನಾನು ಜಿಪುಣ, ಕೊಟ್ರಮ್ಮನವರ ಬಾಯಲ್ಲಿ ಪುಣ್ಯಾತ್ಮ, ಹೆಂಡತಿಯ ತೀರ್ಪಿನಲ್ಲಿ ಬರಿ ಸಿಟ್ಟಿನವ. ನಾನು ಮಾಡಿದ್ದು ಒಂದೇ ಕೆಲಸ! ಮನಸ್ಸು ಶುದ್ಧವಾಗಿರಬೇಕಿತ್ತು ಅನ್ನುವವರಿಗೆ ನನ್ನದೊಂದು ಸವಾಲು: ಮಾತ್ರೆ ಕೊಟ್ಟವನ ಮನಸ್ಸು ಎಂಥದು ಅಂತ ಜ್ವರ ಎಂದಾದರೂ ವಿಚಾರಿಸಿದೆಯೇ? ನಾನಂತೂ ನನ್ನ ಪುಣ್ಯವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಅಂತ ಹಟ ಹಿಡಿದೆ.

ಕೊಟ್ರಮ್ಮನವರ ಕೈ ವಾಸಿಯಾಯಿತು. ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಮೇಜಿನ ಮೇಲೆ ಡಬ್ಬಿ ಕೂತಿತ್ತು. ಶೇಂಗಾ ಹೋಳಿಗೆ ಇರಬಹುದೆಂದು ಆಸೆಯಿಂದ ಮುಚ್ಚಳ ತೆಗೆದೆ. ತಳ ಕಂಡಿತು! ಮುಚ್ಚಳದ ಸದ್ದಿಗೇ ಕಾದಿದ್ದಂತೆ ಗೋಡೆಯಾಚೆಯಿಂದ ನಗುವಿನ ಜತೆ ಕೊಟ್ರಮ್ಮನವರ ದನಿ ಬಂತು: "ಬರೀದ ಐತ್ರಿ ಅಣ್ಣಾರ! ನೀವ ಹಾಕಿಕೊಟ್ಟ ಪದ್ಧತಿ. ಡಬ್ಬಿನೂ ನಿಮ್ದ, ಇಟ್ಕೊಳ್ರಿ!"

ಇನ್ನು ಈ ಜನ್ಮದಲ್ಲಿ ಆ ಹೋಳಿಗೆ ಉಂಟೇ? ನೆಟ್ಟಗೆ ಅಡುಗೆಮನೆಗೆ ಹೋಗಿ ಡಬ್ಬಿಗೆ ಸಕ್ಕರೆ ಸುರಿಯತೊಡಗಿದೆ. ಚಿಟಿಕೆಯಲ್ಲ, ಬೊಗಸೆ. ಸುಮಂಗಲಾ ಬಾಗಿಲಿಗೆ ಒರಗಿ ನಿಂತು ಕೇಳಿದಳು.

"ಯಾಕ್ರಿ, ಕೊಡಬೇಕು ಅನಿಸೈತೇನು?"

"ಅನ್ಸೋದೇನು ಅದ್ರಾಗ? ಕೊಡಬೇಕು, ಅಷ್ಟ."

"ಹೊಂಟ್ರು ನೋಡು ಪುಣ್ಯಾತ್ಮರು," ಅಂದಳು. ಅನ್ನಲಿ ಬಿಡಿ. ಮುಚ್ಚಳ ಒತ್ತಿ ಹಾಕಿ ಹೊರಬಿದ್ದೆ. ಕಟ್ಟೆಯ ಹತ್ತಿರ ಬಂದಾಗ ಮಾತ್ರ ಹೆಜ್ಜೆ ನಿಧಾನ ಮಾಡಿ, ಒಳಗೆ ಏನೋ ಇದೆ ಅಂತ ಎಲ್ಲರಿಗೂ ಗೊತ್ತಾಗಲಿ ಎಂದು ಡಬ್ಬಿಯನ್ನು ಒಮ್ಮೆ ಚೆನ್ನಾಗಿ ಅಲ್ಲಾಡಿಸಿದೆ.