ಬಟನ್ ಒತ್ತಿದ ಕೂಡಲೇ ಗೊಣಗುವ ಕರ್ನಲ್ ಅವರಿಗೆ

ಪರಮ ಮಾನ್ಯರೂ, ಲ್ಯಾಬಿನ ಹನ್ನೊಂದನೇ ಕಂಪ್ಯೂಟರಿನ ಒಡಲೊಳಗೆ ಬಿಜಯಮಾಡಿರುವವರೂ ಆದ ಕರ್ನಲ್ ಅವರೇ,

ಫಸ್ಟ್ ಇಯರ್ ವಿದ್ಯಾರ್ಥಿನಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮ ತಮ್ಮ ಕೈಯಲ್ಲಿರುವುದರಿಂದ ಅದರ ಬಗ್ಗೆ ಬರೆಯಲಾರೆ.

ಎಲ್ಲರಿಗಿಂತ ಮೊದಲು ಎದ್ದು, ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಎಂದು ಅಳೆದು ಹಂಚುವ ಯಜಮಾನರು ತಾವೆಂದು ಓದಿ ಗೌರವ ಬೆಳೆಸಿಕೊಂಡವಳು ನಾನು. ಹಾಗಿರುವಾಗ ಸೋಮವಾರದಿಂದ ಪ್ರತಿ ಸಲವೂ ಸ್ಟಾರ್ಟ್ ಆಗುವಾಗ ಮೆಮೊರಿ ಕಾದಿರಿಸಲು ಆಗಲಿಲ್ಲವೆಂದು ಒಂದು ಸಾಲು ವಾರ್ನಿಂಗ್ ಎಸೆದು, ಆಮೇಲೆ ಏನೂ ಆಗದವರಂತೆ ಕೆಲಸ ಮುಂದುವರಿಸುವ ತಮ್ಮ ದೊಡ್ಡಗುಣಕ್ಕೆ ಏನೆನ್ನಲಿ? ಬೈದು ಬಡಿಸುವವರನ್ನು ಮೆಸ್ಸಿನಲ್ಲಿ ಕಂಡಿದ್ದೇನೆ, ಆದರೆ ಅವರು ಬೈದದ್ದು ಏಕೆಂದಾದರೂ ತಿಳಿಯುತ್ತದೆ. ಪರದೆಯಲ್ಲಿ ಒಂದೇ ಒಂದು ವಾರ್ನಿಂಗ್ ಕಂಡರೂ ರೆಕಾರ್ಡ್ ಪುಸ್ತಕಕ್ಕೆ ಸಹಿಯಿಲ್ಲ, ಸಹಿಯಿಲ್ಲದವರಿಗೆ ಶುಕ್ರವಾರದ ಪರೀಕ್ಷೆಯಿಲ್ಲ ಎಂದು ಲ್ಯಾಬ್ ಮೇಡಂ ಹೇಳಿದ್ದು ತಮಗೂ ಕೇಳಿಸಿರಬೇಕು. ತಾವು ಆಗ ಆನ್ ಆಗಿಯೇ ಇದ್ದಿರಿ.

ನಾನು ಮಾಡದ ಸೇವೆಯಿಲ್ಲ. ಕಂಪ್ಯೂಟರಿಗೆ ಯಾವ ಕಾಯಿಲೆ ಬಂದರೂ ಮೆಮೊರಿ ಪಟ್ಟಿ ಕಿತ್ತು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಸೀನಿಯರ್ ‘ರಬ್ಬರ್ ಅಕ್ಕ’ ತಮ್ಮದನ್ನೂ ಎರಡು ಸಲ ಉಜ್ಜಿಕೊಟ್ಟಳು. ಫೋನಿನಲ್ಲಿ ಅಮ್ಮನಿಗೆ “ಕರ್ನಲ್‌ಗೆ ಮೆಮೊರಿ ಸಿಗ್ತಿಲ್ಲಮ್ಮ” ಎಂದು ಅತ್ತೆ. ಮಿಲಿಟರಿಯಲ್ಲಿ ದುಡಿದು ಬಂದವರಿಗೆ ವಯಸ್ಸಾದ ಮೇಲೆ ಮರೆವು ಸಹಜ, ಎದುರು ಮಾತಾಡಬೇಡ, ಸಿಕ್ಕಾಗೆಲ್ಲ ನಿನ್ನ ಹೆಸರು ನೆನಪಿಸುತ್ತಿರು ಎಂದು ಅಮ್ಮ ಸಮಾಧಾನ ಹೇಳಿದಳು. ಇಂಟರ್ನೆಟ್ಟಿನಲ್ಲಿ ಮೂರು ದಿನ ಹುಡುಕಿದರೂ ಇದಕ್ಕಿಂತ ಒಳ್ಳೆಯ ಸಲಹೆ ಸಿಗಲಿಲ್ಲ.

ತಪ್ಪು ನನ್ನದೇ ಎಂದು ಬುಧವಾರ ಗೊತ್ತಾಯಿತು. ತಾವು ಎಂದಾದರೂ ಕುಸಿದುಬಿದ್ದರೆ ಕಾರಣ ಬರೆದಿಡಲು ಒಂದಿಷ್ಟು ಮೆಮೊರಿಯನ್ನು ಮೊದಲೇ ಎತ್ತಿಡಿಸುವುದು ನಮ್ಮ ಪ್ರಯೋಗ. ಬದುಕಿರುವಾಗಲೇ ಸ್ವಂತ ಪೋಸ್ಟ್‌ಮಾರ್ಟಂಗೆ ಜಾಗ ಗೊತ್ತುಮಾಡಿಕೊಳ್ಳುವ ತಮ್ಮ ದೂರದೃಷ್ಟಿಗೆ ಶರಣು. ಕೇಳಬೇಕಿದ್ದುದು 256 ಎಂಬಿ. ನಾನೋ ಐದನೇ ಕ್ಲಾಸಿನಿಂದ ಹಾಸ್ಟೆಲಿನವಳು; ಎರಡು ಬಕೆಟ್ ಬಿಸಿನೀರು ಕೇಳಿದರೆ ಒಂದು, ಮೂರು ದಿನ ರಜೆ ಕೇಳಿದರೆ ಅರ್ಧ ದಿನ ಸಿಗುವ ಲೋಕದಲ್ಲಿ ಬೆಳೆದವಳು. ಜಾಸ್ತಿ ಕೇಳಿದರೆ ತಾವೂ ಕತ್ತರಿಸಿ ಕೊಡುತ್ತೀರೆಂದು ನಂಬಿ ‘ಎಂ’ ಬದಲು ‘ಜಿ’ ಒತ್ತಿದ್ದೆ. ಇರುವುದೇ ಎಂಟು ಜಿಬಿ, ಬೇಡಿದ್ದು ಇನ್ನೂರೈವತ್ತಾರು. ನಮ್ಮ ವಾರ್ಡನ್ ಕೂಡ ಅಷ್ಟಾಗಲ್ಲ, ಇಷ್ಟು ತಗೋ ಎನ್ನುತ್ತಾರೆ. ತಾವು ಚೌಕಾಸಿಗೇ ಇಳಿಯಲಿಲ್ಲ. ಎಷ್ಟು ಕೇಳಿದ್ದೆನೆಂದು ಆ ಸಾಲಿನಲ್ಲೇ ತಿಳಿಸಿದ್ದಿರಿ, ಒಪ್ಪುತ್ತೇನೆ: ಒಂದು ನಾಲ್ಕು, ಅದರ ಮುಂದೆ ಒಂಬತ್ತು ಸೊನ್ನೆ, ಅದೂ ಹತ್ತರ ಬದಲು ಹದಿನಾರರಲ್ಲಿ ಎಣಿಸುವ ಕಂಪ್ಯೂಟರಿನ ಲೆಕ್ಕದಲ್ಲಿ. ಇಷ್ಟು ಗುಟ್ಟಾಗಿ ಸತ್ಯ ಹೇಳುವವರು ಅಪರೂಪ.

‘ಜಿ’ ಅಳಿಸಿ ‘ಎಂ’ ಬರೆದೆ. ಇಂದು ಮೇಡಂ ಬಂದು ನಿಂತಾಗ ತಾವು ಏಳುವಾಗಿನ ಎಂದಿನ ನೂರಾರು ಸಾಲು ಸರಸರನೆ ಸುರಿದಿರಿ, ಒಂದರಲ್ಲೂ ದೂರಿರಲಿಲ್ಲ. ಮೇಡಂ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದರು.

“ಇಷ್ಟೆಲ್ಲ ಯಾಕಮ್ಮ ಬರ್ತಿದೆ? ಬೇರೆಯವರದೆಲ್ಲ ನೀಟಾಗಿ ಕಪ್ಪಗಿತ್ತಲ್ಲ. ಸರಿಮಾಡಿ ತೋರ್ಸು” ಎಂದು ಪೆನ್ನಿಗೆ ಕ್ಯಾಪ್ ಹಾಕಿಬಿಟ್ಟರು. ಪಕ್ಕದ ಸೀಟಿನವಳು ಆಮೇಲೆ ನಗುತ್ತಾ ತಿಳಿಸಿದಳು: ಕ್ಲಾಸಿನವರೆಲ್ಲ ಎಂ, ಜಿಗಳ ಗೊಡವೆಗೇ ಹೋಗದೆ, ತಂತಮ್ಮ ಕರ್ನಲ್‌ಗೆ ಕೊಡುವ ಆಜ್ಞೆಯ ಕೊನೆಗೆ ‘ಕ್ವೈಟ್’, ಅಂದರೆ ಸದ್ದು ಬೇಡ, ಎಂಬ ಒಂದೇ ಪದ ಸೇರಿಸಿ ವಾರ್ನಿಂಗ್ ಸಮೇತ ಅವರ ಬಾಯಿ ಮುಚ್ಚಿಸಿದ್ದರಂತೆ.

ಆದ್ದರಿಂದ ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ಪರೀಕ್ಷೆಗೆ ಮೊದಲು ಮೇಡಂ ಮತ್ತೆ ನೋಡಲು ಬಂದಾಗ, ತಾವು ಸರಿಯಾಗಿಯೂ ಇರಬೇಕು, ಸರಿಯಾಗಿರುವೆನೆಂದು ಹೇಳಲೂಬಾರದು; ಈ ಲ್ಯಾಬಿನಲ್ಲಿ ಒಬ್ಬಳಾದರೂ ನಿಜವಾಗಿ ರಿಪೇರಿ ಮಾಡಿದ್ದಾಳೆಂದು ಮೇಡಂಗೆ ಹೊಳೆಯುವಂತೆ, ಆದರೆ ಗಾಬರಿಯಾಗದಂತೆ, ಪ್ಲೀಸ್, ಹೇಗಾದರೂ ಸೂಚಿಸಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಬೇರೆ ಗತಿಯಿಲ್ಲದೆ,
ಹನ್ನೊಂದನೇ ಸೀಟಿನವಳು

ಮರೆತ ಮಾತು (ಶುಕ್ರವಾರ): ಬೆಳಿಗ್ಗೆ ನಾನೂ ‘ಕ್ವೈಟ್’ ಸೇರಿಸಿದೆ, ಸಹಿ ಬಿತ್ತು. “ನೋಡು, ಮನಸ್ಸಿಟ್ಟು ಮಾಡಿದ್ರೆ ಬರುತ್ತೆ” ಎಂದರು ಮೇಡಂ. ಒಳಗೊಳಗೇ ನೂರಾರು ಸಾಲು ಸುರಿಯುತ್ತಿದ್ದರೂ ಮುಖ ಕಪ್ಪಗಿಟ್ಟುಕೊಂಡು ಪರೀಕ್ಷೆಗೆ ಹೋದೆ.